ದಡಬಡಣ್ಣನ ಮೈಕು

ಕಾರಿನ ಸೀಟಿಗೆ ಸ್ಪಂಜು ತುಂಬಿ, ಮೇಲೆ ರೆಕ್ಸಿನ್ ಎಳೆದು ಹೊಲಿದಾದ ಮೇಲೆ ಅವನು ಅದರ ಮೇಲೆ ಎರಡೂ ಅಂಗೈಯಿಂದ ಬಾರಿಸುತ್ತಿದ್ದ. ಬಿಗಿ ಸರಿಯಾಗಿದೆಯಾ ಅಂತ ನೋಡುವುದಕ್ಕೆ ಎನ್ನುತ್ತಿದ್ದ. ಅಷ್ಟು ಹೊತ್ತು ಬಾರಿಸಿ ನೋಡುವ ಅಗತ್ಯ ಯಾವ ಸೀಟಿಗೂ ಇರಲಿಲ್ಲ. ಹೀಗೆ ಅವನು ಬೀದಿಗೆಲ್ಲ ದಡಬಡಣ್ಣನಾದ. ಹೆಂಡತಿ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು.

ವಾರವೆಲ್ಲ ಸೀಟು, ರಜಾ ಬಂದರೆ ಡ್ರಮ್ಸು. ಮನೆಯವರದೇ ಒಂದು ಬ್ಯಾಂಡು. ಮದುವೆ ಮಂಟಪ, ಕಂಪನಿಗಳ ಸಮಾರಂಭ, ಯಾರೋ ನಿವೃತ್ತರಾಗುವ ದಿನ, ಎಲ್ಲ ಕಡೆಗೂ ಹೋಗುತ್ತಿದ್ದರು. ಮುಂದೆ ನಿಂತು ಹೆಂಡತಿ ಹಾಡುತ್ತಿದ್ದಳು. ಪಕ್ಕದಲ್ಲಿ ಒಬ್ಬ ಕೀಬೋರ್ಡಿನವನು. ಹಾಲ್‌ನ ಕೊನೆಯಲ್ಲಿ ಸೌಂಡ್ ಬೋರ್ಡಿನ ಮುಂದೆ ಭಾವ, ಅಂದರೆ ದಡಬಡಣ್ಣನ ಅಕ್ಕನ ಗಂಡ. ಉಳಿದ ದಿನ ಮನೆಗಳಿಗೆ ವೈರಿಂಗ್ ಮಾಡುವವನು. ಎಲ್ಲರ ಹಿಂದೆ, ತಾಳದ ತಟ್ಟೆಗಳ ನಡುವೆ, ದಡಬಡಣ್ಣ. ಅವನ ಬಾಯಿಯ ಮುಂದೂ ಒಂದು ಮೈಕು. ಹೆಂಡತಿಯ ಹಾಡಿಗೆ ಅವನು ಜೊತೆ ದನಿ ಕೊಡುತ್ತಿದ್ದ.

ಆ ದನಿಯ ಬಗ್ಗೆ ಅವನಿಗೆ ಹೇಳತೀರದ ಕಾಳಜಿ. ಕಾರ್ಯಕ್ರಮದ ಹಿಂದಿನ ದಿನದಿಂದಲೇ ತಣ್ಣೀರು ಮುಟ್ಟುತ್ತಿರಲಿಲ್ಲ. ಫ್ಲಾಸ್ಕಿನಲ್ಲಿ ಬಿಸಿನೀರು. ಕೀಬೋರ್ಡಿನವನು ಐಸ್‌ಕ್ರೀಮ್ ತಿಂದರೆ, “ಗಂಟಲು ಹಾಳು ಮಾಡ್ಕೋಬೇಡ ಮಾರಾಯ” ಎನ್ನುತ್ತಿದ್ದ. “ನಾನೇನು ಗಂಟಲಿಂದ ಕೀಬೋರ್ಡ್ ನುಡಿಸ್ತೀನಾ? ನನಗೆ ಬೇಕಾಗಿರೋದು ಬೆರಳು ತಾನೇ” ಎಂದು ಅವನು ನಗುತ್ತಿದ್ದ.

ಒಂದು ದಿನ ಸಾಮಾನು ಇಳಿಸುವಾಗ ಡ್ರಮ್ಮಿನ ಪೆಟ್ಟಿಗೆ ಬಿದ್ದು ದಡಬಡಣ್ಣನ ಮೈಕಿನ ಜಾಲರಿ ಚಪ್ಪಟೆಯಾಯಿತು. “ಹೊಸದು ತಗೊಳ್ಳೋಣ. ಎಂಟು ವರ್ಷ ದುಡೀತು ಪಾಪ” ಎಂದ. ಭಾವ ಯಾಕೋ, “ಇದನ್ನೇ ಸರಿ ಮಾಡಿಸಿದ್ರಾಯ್ತು ಬಿಡು” ಎಂದು ರಾಗ ಎಳೆದ. ದಡಬಡಣ್ಣ ಕೇಳಲಿಲ್ಲ. ಭಾವನನ್ನೂ ಹೆಂಡತಿಯನ್ನೂ ವ್ಯಾನಿನಲ್ಲಿ ಕೂರಿಸಿಕೊಂಡು ಅಂಗಡಿಗೆ ಹೊರಟ.

ಅಂಗಡಿ ನಡೆಸುತ್ತಿದ್ದವಳು ನಡುವಯಸ್ಸಿನ ಹೆಂಗಸು. ಕೊರಳಲ್ಲಿ ಹೆಡ್‌ಫೋನು ನೇತಾಡುತ್ತಿತ್ತು. ಗಾಜಿನ ಕೋಣೆಯಲ್ಲಿ ಪರೀಕ್ಷೆಗೆಂದು ಒಂದು ಡ್ರಮ್ ಸೆಟ್ಟೂ ಇತ್ತು.

“ಹಳೇದ್ರಲ್ಲಿ ಏನು ತೊಂದರೆ ಇತ್ತು?” ಎಂದು ಕೇಳಿದಳು.

“ತೊಂದರೇನೇ ಇಲ್ಲ. ಡ್ರಮ್ಸ್ ಸದ್ದು ಒಂಚೂರೂ ಒಳಗೆ ಹೋಗ್ತಿರಲಿಲ್ಲ. ಅಂಥದ್ದೇ ಕೊಡಿ.”

ಅವಳು ಚಪ್ಪಟೆ ಮೈಕನ್ನು ತಿರುಗಿಸಿ ನೋಡಿದಳು. “ಇದ್ರಲ್ಲಾ? ಇದು ಎಲ್ಲಾ ಕಡೆ ಕಿವಿ ಕೊಡೋ ಮೈಕು. ಕೂತ್ಕೊಳ್ಳಿ, ಒಂದ್ಸಲ ನೋಡೇ ಬಿಡೋಣ.”

ವೈರು ಸಿಕ್ಕಿಸಿದಳು. ದಡಬಡಣ್ಣ ಕೂತು, ಬಾರಿಸುತ್ತ ಹಾಡಿದ. ಸ್ಪೀಕರಿನಿಂದ ಹೊರಟದ್ದು ತಗಡಿನ ಛಾವಣಿ ಕುಸಿದುಬಿದ್ದಂಥ ಸದ್ದು. ತಾಳದ ತಟ್ಟೆಗಳು ಕೋಣೆ ತುಂಬ ಚೀರಿದವು. ಅದರೊಳಗೆಲ್ಲೋ ಮುಳುಗಿದ ಒಂದು ಗಂಡು ದನಿ.

“ಇದನ್ನ ಆನ್ ಮಾಡಿದ್ರೆ ಹಾಲ್‌ನಲ್ಲಿ ಬೇರೆ ಏನೂ ಕೇಳಿಸ್ತಿರಲಿಲ್ಲವಲ್ಲ. ನಿಮ್ಮ ಸೌಂಡಿನವರು ಹೇಗೆ ಸಂಭಾಳಿಸ್ತಿದ್ರು?” ಎಂದಳು, ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ.

ದಡಬಡಣ್ಣ ಭಾವನ ಕಡೆ ತಿರುಗಿದ. ಭಾವ ಗೋಡೆಯ ಸ್ವಿಚ್ ಬೋರ್ಡನ್ನು ನೋಡುತ್ತಿದ್ದ, ಅದರಲ್ಲೇನೋ ದೋಷ ಕಂಡವನಂತೆ. ಹೆಂಡತಿಯ ಕಡೆ ತಿರುಗಿದ. ಅವಳು ಕೈಚೀಲದ ಜಿಪ್ಪು ಎಳೆಯುತ್ತಿದ್ದಳು.

“ಭಾವ, ಇದು ಆನ್ ಇರ್ತಿತ್ತು ತಾನೇ?”

“ಬೀಟು ಚೆನ್ನಾಗಿ ಕೂತ್ಕೊಳ್ತಿತ್ತಪ್ಪ,” ಎಂದ ಭಾವ. “ಜನಕ್ಕೆ ಬೀಟು ಮುಖ್ಯ…”

ಅಷ್ಟೇ ಸಾಕಾಯಿತು. ದಡಬಡಣ್ಣನ ಕಿವಿಗಳು ಬಿಸಿಯಾದವು. ಕೋಲುಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಅಂಗಿಯ ಜೇಬಿಗೆ ತುರುಕಿಕೊಂಡ. ಅವು ಅಂಗಡಿಯವು. ಬಾಗಿಲ ಹತ್ತಿರ ಅವಳು ಮೆಲ್ಲಗೆ, “ಕೋಲು…” ಎಂದಾಗ ಅದಕ್ಕೂ ಸೇರಿಸಿ ಇನ್ನಷ್ಟು ನಾಚಿದ.

ಅವನು ವ್ಯಾನು ಹೊರಡಿಸಿದ. ಅವನಿಗೆ ಒಂದೊಂದಾಗಿ ಎಲ್ಲ ನೆನಪಾಗತೊಡಗಿತು. ಬಿಸಿನೀರಿನ ಫ್ಲಾಸ್ಕು. ಕಣ್ಣು ಮುಚ್ಚಿ, ಕತ್ತು ಓರೆ ಮಾಡಿ ಹಾಡುತ್ತಿದ್ದ ತನ್ನ ಭಂಗಿ. ಒಮ್ಮೆ ಹೆಂಗಸೊಬ್ಬರು ವೇದಿಕೆಗೆ ಬಂದು ಹೆಂಡತಿಯ ಕೈ ಹಿಡಿದು ಹಾಡನ್ನು ಹೊಗಳುತ್ತಿದ್ದಾಗ ಇವನು ಹಿಂದಿನಿಂದ, “ಎರಡನೇ ಚರಣದಲ್ಲಿ ನನ್ನ ದನಿ ಸ್ವಲ್ಪ ಮೇಲೆ ಹೋಯ್ತು, ಕ್ಷಮಿಸಿ” ಎಂದಿದ್ದ. ಆಕೆ ಅರ್ಥವಾಗದೆ ನಕ್ಕು ಹೋಗಿದ್ದರು. ವಿನಯಕ್ಕೆ ಮೆಚ್ಚಿ ನಕ್ಕರು ಎಂದು ಅವನು ಇಷ್ಟು ವರ್ಷ ತಿಳಿದಿದ್ದ.

ಮನೆಗೆ ಬಂದ ಮೇಲೆ ಹೆಂಡತಿ ತಾನಾಗಿಯೇ ಬಾಯಿಬಿಟ್ಟಳು.

“ನಿಮ್ಮ ಮೈಕು ಆಫ್ ಇಟ್ಟ ಮೊದಲನೇ ಸಲಾನೇ ಹೇಳಿದ್ರೆ ಮುಗಿದುಹೋಗ್ತಿತ್ತು. ನೀವು ಖುಷಿಯಾಗಿದ್ರಿ, ಆಮೇಲೆ ಹೇಳೋಣ ಅಂದ್ಕೊಂಡೆ. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳ್ತೀರಲ್ಲ ಅಂತ ನಾಚಿಕೆ ಆಯ್ತು. ಹಾಗೇ ಬೆಳೀತು.”

“ಕೀಬೋರ್ಡಿನವನಿಗೂ ಗೊತ್ತಾ?”

ಅವಳು ತಲೆ ತಗ್ಗಿಸಿದಳು.

ಮುಂದಿನ ಎರಡು ಕಾರ್ಯಕ್ರಮಗಳಲ್ಲಿ ದಡಬಡಣ್ಣ ಮೈಕು ಇಟ್ಟುಕೊಳ್ಳಲಿಲ್ಲ, ಬಾಯಿ ತೆರೆಯಲಿಲ್ಲ. ಹಾಲ್‌ನಲ್ಲಿ ಕೂತ ಯಾರಿಗೂ ಯಾವ ವ್ಯತ್ಯಾಸವೂ ಕಾಣಲಿಲ್ಲ. ಅದು ಅವನನ್ನು ಇನ್ನಷ್ಟು ಚುಚ್ಚಿತು. ತನ್ನ ಅಂಗಡಿಯಲ್ಲಿ ಸೀಟು ಹೊಲಿದು ಮುಗಿಸಿದರೆ ಸುಮ್ಮನೆ ಎತ್ತಿ ಬದಿಗಿಡುತ್ತಿದ್ದ. ಎದುರಿನ ಟೈರಿನವನು ಹುಷಾರಿಲ್ಲವೇ ಎಂದು ವಿಚಾರಿಸಿದ.

ಒಂದು ಬೆಳಗ್ಗೆ ಅವನು ಯಾರಿಗೂ ಹೇಳದೆ ಒಬ್ಬನೇ ಮೈಕಿನ ಅಂಗಡಿಗೆ ಹೋದ. ಅವಳು ಗುರುತು ಹಿಡಿದಳು. ಕೋಲಿನ ಮಾತು ಎತ್ತಲಿಲ್ಲ.

ಮೊದಲು ಕಿವಿಗೆ ಸಿಕ್ಕಿಸಿಕೊಳ್ಳುವ ಮೈಕು ಕೊಟ್ಟಳು. ತಲೆ ಎತ್ತ ತಿರುಗಿದರೂ ದನಿ ಸಿಕ್ಕಿತು, ಆದರೆ ಅವನ ಏದುಸಿರೂ ಗುಡ್ಡ ಹತ್ತುವ ಲಾರಿಯ ಹಾಗೆ ಕೇಳಿಸಿತು. “ಬೇಡದಾಗ ಆಫ್ ಮಾಡೋದು ಹೇಗೆ?” ಎಂದ. “ಕೈ ಎರಡೂ ಕೆಲಸದಲ್ಲಿ, ಕಾಲು ಎರಡೂ ಕೆಲಸದಲ್ಲಿ. ನನ್ನ ಹತ್ರ ಖಾಲಿ ಇರೋದು ಬಾಯಿ ಒಂದೇ.”

ಅವಳು ನಕ್ಕು ಇನ್ನೊಂದನ್ನು ತಂದಳು. ಎದುರಿನದನ್ನು ಮಾತ್ರ ಕೇಳುವ ಮೈಕು. ಉದ್ದ ಸ್ಟ್ಯಾಂಡಿನ ತೋಳನ್ನು ಎಡಭುಜದ ಮೇಲಿನಿಂದ ಬಾಗಿಸಿ, ಕೋಲು ತಾಗದಂತೆ, ಅವನ ತುಟಿಯ ಹತ್ತಿರಕ್ಕೆ ತಂದಳು. ತಾಳದ ತಟ್ಟೆಗಳು ಮೈಕಿನ ಬೆನ್ನಿಗೆ ಬಿದ್ದವು. “ಇದು ದೂರ ಇದ್ರೆ ಕೇಳಿಸ್ಕೊಳ್ಳಲ್ಲ. ಮುತ್ತು ಕೊಡೋವಷ್ಟು ಹತ್ರ ಹಾಡ್ಬೇಕು” ಎಂದಳು. ಅವನು ಹಾಡಿದ. ಅವಳು ರೆಕಾರ್ಡ್ ಮಾಡಿ ತಿರುಗಿ ಕೇಳಿಸಿದಳು.

ಈಗ ಅವನ ದನಿ ಬಿಡಿಯಾಗಿ, ಬೆತ್ತಲೆಯಾಗಿ ಬಂತು. ಯಾರೋ ಮುಚ್ಚಿದ ಬಾಗಿಲ ಹೊರಗೆ ನಿಂತು ಕೂಗುತ್ತಿರುವ ಹಾಗೆ. ಎರಡನೇ ಸಾಲಿಗೆ ಶ್ರುತಿ ಮೇಲೇರಿ ಎಲ್ಲೋ ಹೋಗಿತ್ತು.

“ನಾನು ಹಾಡೋದು ಹೀಗೇನಾ?”

“ಜೋರಾಗಿ ಬಾರಿಸಿದಾಗ ಕಿರಿಚ್ತೀರಿ,” ಎಂದಳು ಅವಳು. “ಮೆಲ್ಲಗೆ ಬಾರಿಸೋ ಹಾಡಿದ್ರೆ ನೋಡಿ. ಅಲ್ಲಿ ಪರವಾಗಿಲ್ಲ.”

ಪರವಾಗಿಲ್ಲ. ಇಷ್ಟು ವರ್ಷಗಳಲ್ಲಿ ಅವನ ಹಾಡಿಗೆ ಸಿಕ್ಕ ಮೊದಲ ಪ್ರಾಮಾಣಿಕ ಮಾತು ಅದು. ನೋವಾಯಿತು. ಆದರೂ ಮೈಕು ಕಟ್ಟಿಕೊಡಿ ಎಂದ.

ಆಸ್ಪತ್ರೆಯೊಂದರ ನೌಕರರ ಸಮಾರಂಭ. ಮಧ್ಯಾಹ್ನದ ಊಟ ನಡೆಯುತ್ತಿತ್ತು. ಸಾಮಾನು ಜೋಡಿಸುವಾಗ ದಡಬಡಣ್ಣ ಭಾವನ ಹತ್ತಿರ ಹೋದ.

“ಒಂದೇ ಹಾಡಿಗೆ ನನ್ನ ಮೈಕಿನ ಸದ್ದು ಎತ್ತಿ. ಆ ನಿಧಾನದ್ದಕ್ಕೆ. ಕೆಟ್ಟದಾಗಿ ಬಂದ್ರೂ ಇಳಿಸ್ಬೇಡಿ.”

“ಯಾಕಪ್ಪ ಸುಮ್ಮನೆ…”

“ಇಳಿಸ್ಬೇಡಿ ಭಾವ.”

ಆ ಹಾಡು ಬಂದಾಗ ಕೋಲು ಬಿಟ್ಟು, ಕುಂಚದಂಥ ತಂತಿಕಡ್ಡಿಗಳನ್ನು ಹಿಡಿದ. ಕಣ್ಣು ಮುಚ್ಚಲಿಲ್ಲ, ಆ ಭಂಗಿ ನೆನೆದರೇ ಮೈ ಮುದುರುತ್ತಿತ್ತು. ತನ್ನ ದನಿ ದೊಡ್ಡ ಸ್ಪೀಕರುಗಳಿಂದ ಹೊರಟು ಎದುರಿನ ಗೋಡೆಗೆ ತಾಗಿ ಹಿಂದಕ್ಕೆ ಬಂದದ್ದು ಕೇಳಿ ಅವನಿಗೆ ಎದ್ದು ಓಡುವ ಹಾಗಾಯಿತು. ಎರಡನೇ ಚರಣದಲ್ಲಿ ದನಿ ಒಡೆಯಿತು. ಮುಂದಿನ ಸಾಲಿನ ನರ್ಸೊಬ್ಬಳು ತಲೆ ಎತ್ತಿ ಯಾರಿದು ಎಂದು ಹುಡುಕಿದಳು. ದೂರದಲ್ಲಿ ಭಾವನ ಕೈ ಬೋರ್ಡಿನ ಮೇಲೆ ಸರಿದದ್ದು ಕಾಣಿಸಿತು. ದಡಬಡಣ್ಣ ಬಾರಿಸುತ್ತಲೇ ತಲೆಯಾಡಿಸಿ ಬೇಡವೆಂದ. ಕೈ ಹಿಂದಕ್ಕೆ ಹೋಯಿತು.

ಹೆಂಡತಿ ಮಾತ್ರ ತಿರುಗಿ ನೋಡಲಿಲ್ಲ. ತನ್ನ ದನಿಯನ್ನು ಒಂಚೂರು ತಗ್ಗಿಸಿದಳು, ಅಷ್ಟೇ.

ಹಾಡು ಮುಗಿದಾಗ ಚಪ್ಪಾಳೆ ಎಂದಿನಷ್ಟೇ ಬಿತ್ತು. ಯಾರೂ ನಗಲಿಲ್ಲ, ಯಾರೂ ಬಂದು ಹೊಗಳಲೂ ಇಲ್ಲ. ಸಾಮಾನು ಕಟ್ಟುವಾಗ ಕೀಬೋರ್ಡಿನವನು, “ಅಣ್ಣಾ, ಚೆನ್ನಾಗಿತ್ತು” ಎಂದ.

“ಸುಳ್ಳು ಹೇಳ್ಬೇಡ. ಎರಡನೇ ಚರಣ ಒಡೀತು.”

“ಹೂಂ, ಒಡೀತು,” ಎಂದು ಅವನು ಒಪ್ಪಿಕೊಂಡ.

ಈಗಲೂ ದಡಬಡಣ್ಣ ಪ್ರತಿ ಕಾರ್ಯಕ್ರಮದಲ್ಲಿ ಅದೊಂದೇ ಹಾಡು ಹಾಡುತ್ತಾನೆ. ಹಾಡು ಹತ್ತಿರ ಬರುತ್ತಿದ್ದಂತೆ ಕತ್ತಿನವರೆಗೂ ಕೆಂಪೇರುತ್ತಾನೆ. ಆದರೆ ಬಿಡುವುದಿಲ್ಲ.