ಸೀಟು ಮೇಸ್ತ್ರಿಗೆ ತೋರಿಸದ ಗಾಡಿ

ಸೀಟು ಮೇಸ್ತ್ರಿಯ ಬಲಗೈ ಹೆಬ್ಬೆರಳು ದಪ್ಪ ಸೂಜಿ ಒತ್ತಿ ಒತ್ತಿ ಚಪ್ಪಟೆಯಾಗಿತ್ತು. ಯಾವ ಮೋಟಾರ್ ಸೈಕಲ್ಲೇ ಬರಲಿ, ಆ ಬೆರಳಿನಿಂದ ಸೀಟನ್ನೊಮ್ಮೆ ಅದುಮಿ, "ಐವತ್ತು ಕಿಲೋಮೀಟರಿಗೆ ಸೊಂಟ ಹಿಡೀತದ" ಎಂದುಬಿಡುತ್ತಿದ್ದರು. ಅಫಜಲಪುರದ ಬಸ್ ನಿಲ್ದಾಣದ ಹತ್ತಿರ ಅವರ ಸೀಟು ಹೊಲಿಯುವ ಅಂಗಡಿ.

ನಾನು ಹೈಸ್ಕೂಲ್ ಮಾಸ್ತರ. ರಜೆ ಬಂತೆಂದರೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಊರೂರು ಸುತ್ತುವ ಹುಚ್ಚು. ನನ್ನ ಹಳೆಯ ಗಾಡಿಯ ಸೀಟು ಮುಂದಕ್ಕೆ ಇಳಿಜಾರಾಗಿತ್ತು. ಬ್ರೇಕ್ ಹಾಕಿದಾಗಲೆಲ್ಲ ನಾನು ಟ್ಯಾಂಕಿಗೆ, ಅವಳು ನನ್ನ ಬೆನ್ನಿಗೆ. ಮೇಸ್ತ್ರಿ ನಮ್ಮಿಬ್ಬರನ್ನೂ ಅದೇ ಸೀಟಿನ ಮೇಲೆ ಘತ್ತರಗಿಗೆ ಹೋಗಿಬರಲು ಅಟ್ಟಿದರು. ಬಂದ ಮೇಲೆ ಅವಳ ಕೈಗೆ ಸೀಮೆಸುಣ್ಣ ಕೊಟ್ಟು, ತಾವು ಗೋಡೆ ಕಡೆ ಮುಖ ಮಾಡಿ ನಿಂತರು.

"ಕುಂತಾಗ ಎಲ್ಲಿ ನೋವಾತು, ಸೀಟಿನ ಮ್ಯಾಲ ಅಲ್ಲಿ ಗುರುತು ಹಾಕವ್ವ. ನಾ ನೋಡಂಗಿಲ್ಲ."

ಅವಳು ಸೀಟಿನ ತುಂಬ ಗೀಚಿದಳು. "ಇದು ಸೀಟಲ್ಲ ಮಾಸ್ತರ್ ಸಾಬ್, ಸಜಾ" ಎಂದು ನಕ್ಕ ಮೇಸ್ತ್ರಿ, ಮುಂದಕ್ಕೆ ಗಟ್ಟಿ ಸ್ಪಂಜು ಕೊಟ್ಟು ಎತ್ತರಿಸಿ, ಹಿಂದೆ ಮೆತ್ತನೆಯದು ಹಾಕಿ ಹೊಲಿದುಕೊಟ್ಟರು. ಆಮೇಲೆ ಒಂಬತ್ತು ವರ್ಷ ನಾವು ದಾರಿಯಲ್ಲಿ ಜಗಳವಾಡಲಿಲ್ಲ.

ಹೋದ ವರ್ಷ ನನ್ನ ಗಾಡಿಯ ಕಂಪನಿ ತನ್ನ ದೂರಪ್ರಯಾಣದ ಗಾಡಿಗಳನ್ನೆಲ್ಲ ಹೊಸದಾಗಿ ರೂಪಿಸಿತು. ಗಾಳಿ ತಡೆಯುವ ಎತ್ತರದ ಗಾಜು, ನಡುಗದ ಇಂಜಿನ್, ಬೇರೆಯೇ ಥರದ ಸೀಟು. ನಾನೂ ಒಂದು ಕೊಂಡೆ. ಸುದ್ದಿ ತಿಳಿದ ಮೇಸ್ತ್ರಿ ಸಂತೆಯಲ್ಲಿ ನನ್ನ ತೋಳು ಹಿಡಿದರು.

"ಮುಂದಿನ ಇಳಿಜಾರು ತೆಗದಾರಂತಲ್ರಿ? ನಾ ಮೂವತ್ತು ವರ್ಷದಿಂದ ಅದನ್ನ ಮಾಡಾಕತ್ತೇನಿ. ಒಳಗ ಏನ್ ಹಾಕ್ಯಾರ, ಒಮ್ಮೆ ನೋಡ್ಬೇಕ್ರಿ. ತಗೊಂಡ್ ಬರ್ರಿ."

"ತರ್ತೇನಿ" ಎಂದೆ. ತರಲಿಲ್ಲ. ಹೊಲಿಗೆ ಬಿಚ್ಚಿಬಿಟ್ಟರೆ ವಾರಂಟಿ ಹೋಗುತ್ತದೆಂಬ ಹೆದರಿಕೆ. ಬೇಡ ಎನ್ನಲು ಬಾಯಿಯೂ ಬರಲಿಲ್ಲ. ಸಿಕ್ಕಾಗಲೆಲ್ಲ ಗಾಡಿ ಸರ್ವಿಸಿಗೆ ಹೋಗಿದೆ ಎಂದು ಹಸಿ ಸುಳ್ಳು ಹೇಳಿದೆ. ಆಮೇಲೆ ಅವರ ಅಂಗಡಿ ತಪ್ಪಿಸಿ ಹಿಂದಿನ ಗಲ್ಲಿಯಿಂದ ಓಡಾಡತೊಡಗಿದೆ. ಮಕ್ಕಳಿಗೆ ಬುದ್ಧಿ ಹೇಳುವವನ ಬುದ್ಧಿ ಇದು.

ಮಳೆಗಾಲ ಮುಗಿಯುವ ಹೊತ್ತಿಗೆ ಮೇಸ್ತ್ರಿ ಎದೆನೋವಿನಿಂದ ತೀರಿಕೊಂಡರು. ಜೇವರ್ಗಿಯಲ್ಲಿ ತರಬೇತಿಯಲ್ಲಿದ್ದ ನನಗೆ ಮಣ್ಣಿಗೆ ಹೋಗಲಾಗಲಿಲ್ಲ. ವಾರದ ನಂತರ ಹೆಂಡತಿಯೊಡನೆ ಅವರ ಮನೆ ಹುಡುಕಿಕೊಂಡು ಹೋದೆ. ಅದು ಆ ಹಿಂದಿನ ಗಲ್ಲಿಯಲ್ಲೇ ಇತ್ತು. ಮೇಸ್ತ್ರಿಯ ಮನೆಯಾಕೆ ಪರದೆಯ ಆಚೆಯಿಂದ ಮಾತಾಡಿದರು.

"ಊರಾಗ ಅಂಥಾ ಗಾಡಿ ನಿಮ್ಮದೊಂದೇ ರಿ. ಸಪ್ಪಳ ಕೇಳಿದ್ರ ಊಟ ಬಿಟ್ಟು ಬಾಗಿಲಿಗೆ ಹೋಗ್ತಿದ್ರು. ನಾ ಕರೀರಿ ಅಂದ್ರ, 'ಬ್ಯಾಡ, ಮಾಸ್ತರಿಗೆ ನಾಚಿಕಿ ಆಗ್ತದ' ಅಂತಿದ್ರು."

ಮನೆಗೆ ಬಂದವನೇ ಬ್ಲೇಡು ಹಿಡಿದು ಸೀಟಿನ ಹೊಲಿಗೆ ನಾನೇ ಬಿಚ್ಚಿದೆ. ಮುಂದೆ ಗಟ್ಟಿ, ಹಿಂದೆ ಮೆತ್ತಗೆ. ಮೇಸ್ತ್ರಿ ಮಾಡುತ್ತಿದ್ದದ್ದನ್ನೇ ಕಂಪನಿಯವರೂ ಮಾಡಿದ್ದರು. ಅದೊಂದು ಮಾತು ತಿಳಿದಿದ್ದರೆ ಆ ಮನುಷ್ಯ ಎಷ್ಟು ಹಿಗ್ಗುತ್ತಿದ್ದರು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಇನ್ನ ಇದನ್ನ ಯಾರ ಕಡೆ ಹೊಲಿಸ್ತೀರಿ?" ಎಂದಳು.