ಮುಚ್ಚಳ ತೆಗೆದಾಗ ಮಾತಿಲ್ಲ

ನಮ್ಮಕ್ಕ ಫಾರ್ಮಸಿ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪ್ರಾಕ್ಟಿಕಲ್ ಕಲಿಸಿ ಕಲಿಸಿ ಸವೆದುಹೋದವಳು. ಬ್ಯಾಕ್ಟೀರಿಯಾ ಬೆಳೆಸುವ ಗಾಜಿನ ತಟ್ಟೆಯ ಮುಚ್ಚಳವನ್ನು ಬರ್ನರಿನ ಪಕ್ಕದಲ್ಲೇ, ಒಂಚೂರು ಓರೆಯಾಗಿ ಎತ್ತಬೇಕು. ಎತ್ತಿದಾಗ ಯಾರೂ ಮಾತಾಡಬಾರದು. ಬಾಯಿಯೊಳಗಿನ ಕ್ರಿಮಿ ತಟ್ಟೆಗೆ ಬೀಳುತ್ತದೆ. ಇದನ್ನೇ ಹೇಳಿ ಹೇಳಿ ಅವಳ ಗಂಟಲು ಒಣಗಿತ್ತು. ಗೋಡೆಗೆ ಹೇಳಿದ ಹಾಗೆ. ವಿದ್ಯಾರ್ಥಿಗಳು ಹರಟುತ್ತಲೇ ಇದ್ದರು, ತಟ್ಟೆಗಳು ಕೆಡುತ್ತಲೇ ಇದ್ದವು.

ಒಂದು ಸಂಜೆ ಸುಸ್ತಾಗಿ ಬಂದವಳು ಬ್ಯಾಗನ್ನೂ ಇಳಿಸದೆ ಒಲೆಯ ಮುಂದೆ ನಿಂತಳು. ಪಾತ್ರೆಯ ಮುಚ್ಚಳವನ್ನು ಓರೆಯಾಗಿ ಎತ್ತಿ ಇಣುಕುತ್ತಿದ್ದಾಗ ಮಗಳು ಅಡುಗೆಮನೆಯ ಬಾಗಿಲಿಗೆ ಬಂದಳು. ಮುಖ ಬಾಡಿತ್ತು.

"ಅಮ್ಮಾ, ನಿಂಗೊಂದು ವಿಷಯ ಹೇಳ್ಬೇಕಿತ್ತು."

"ಮುಚ್ಚಳ ತೆಗೆದಿದ್ದೀನಿ, ಬಾಯಿ ಮುಚ್ಚು," ಅಂದಳು ಅಕ್ಕ, ತಿರುಗಿಯೂ ನೋಡದೆ.

ತರಕಾರಿ ಹೆಚ್ಚುತ್ತಿದ್ದ ನನಗೆ ನಗು ಬಂತು. ಮಗಳು ನಗಲಿಲ್ಲ. ಇದು ಲ್ಯಾಬಲ್ಲ ಅಂತ ಅಕ್ಕನಿಗೆ ಹೊಳೆದದ್ದೇ ಆಗ. ಮುಚ್ಚಳ ಹಾಕಿ, ಕೈ ಒರೆಸಿಕೊಂಡು, "ಈಗ ಹೇಳು ಪುಟ್ಟಿ" ಅಂದಳು.

"ಏನಿಲ್ಲ ಬಿಡಮ್ಮ."

ಆ ವರ್ಷವಿಡೀ ಅಕ್ಕ ಹೇಳಿದ ಕೂಡಲೇ ಬಾಯಿ ಮುಚ್ಚಿದ್ದು ಅದೊಂದೇ ಹುಡುಗಿ.