ಹತ್ತಡಿ ಅಗಲದ ಮೊದಲ ಪುಟ

ನನ್ನ ಕಾದಂಬರಿಯ ಮೊದಲ ಪುಟ ಹತ್ತಡಿ ಅಗಲ, ಎಂಟಡಿ ಎತ್ತರ ಇದೆ. ಇದು ಜಂಬದ ಮಾತಲ್ಲ, ಕಂಪ್ಯೂಟರ್ ಮಾಡಿದ ಕೆಲಸ. ದಾವಣಗೆರೆಯ ಒಂದು ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿಯಲ್ಲಿ ನಾನು ಡಿಸೈನರ್. ಅಲ್ಲಿನ ಕಂಪ್ಯೂಟರಿನಲ್ಲಿ ಹೊಸ ಪುಟ ತೆರೆದರೆ ಅದು ಅಡಿ ಲೆಕ್ಕದಲ್ಲೇ ತೆರೆದುಕೊಳ್ಳುತ್ತದೆ. ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಬರೆಯಲು ಕೂತಾಗ ನನಗೆ ಅಳತೆ ನೋಡುವ ವ್ಯವಧಾನ ಇರಲಿಲ್ಲ. ಬರೆದು ಮುಗಿಸಿ ನೋಡಿದರೆ ನನ್ನ ನಾಯಕಿ ಗೃಹಪ್ರವೇಶದ ಬ್ಯಾನರಿನ ಅಳತೆಯಲ್ಲಿ ನಿಂತಿದ್ದಳು. ಚಿಕ್ಕದು ಮಾಡಬಹುದಿತ್ತು. ಮಾಡಲಿಲ್ಲ. ಇಡೀ ಕಾದಂಬರಿಯನ್ನು ಅದೇ ಅಳತೆಯಲ್ಲಿ ಬರೆದೆ.

ಬರೆಯುವವರು ತಮ್ಮ ಮೇಜು, ತಮ್ಮ ಪೆನ್ನು, ತಮ್ಮ ಕಿಟಕಿಯಾಚೆಯ ಮರದ ಬಗ್ಗೆ ಹೇಳಿಕೊಳ್ಳುವುದನ್ನು ಓದಿದ್ದೇನೆ. ನನ್ನ ಕಿಟಕಿಯಾಚೆ ಪಕ್ಕದ ಅಂಗಡಿಯ ಜನರೇಟರ್ ಇದೆ. ಕೀಬೋರ್ಡಿನ ಅರ್ಧ ಅಕ್ಷರಗಳು ಸವೆದುಹೋಗಿವೆ, ಬೆರಳಿಗೆ ಜಾಗ ಗೊತ್ತಿರುವುದರಿಂದ ನಡೆಯುತ್ತದೆ. ಹರಿಹರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತೇನೆ. ಸೀಟು ಸಿಕ್ಕರೆ ಮೊಬೈಲಿನಲ್ಲಿ ಎರಡು ಕೈಯಿಂದ ಬರೆಯುತ್ತೇನೆ, ಸಿಗದಿದ್ದರೆ ಕಂಬಿ ಹಿಡಿದು ಒಂದು ಹೆಬ್ಬೆರಳಿನಿಂದ. ನಿಂತು ಬರೆದ ಅಧ್ಯಾಯಗಳು ಕೂತು ಬರೆದವಕ್ಕಿಂತ ಚೆನ್ನಾಗಿ ಬಂದಿವೆ. ಯಾಕೆಂದು ಕೇಳಬೇಡಿ, ಸಿಟ್ಟಿಗೆ ನಿಂತಿರುವುದೇ ಅನುಕೂಲ ಇರಬೇಕು.

ಅಂಗಡಿಯಲ್ಲಿ ದಿನವಿಡೀ ನಾನು ಮಾಡುವುದು ಬೇರೆಯವರ ಪ್ರಚಾರ. ಫ್ಲೆಕ್ಸಿಗೂ ಒಂದು ಶಾಸ್ತ್ರ ಇದೆ. ಮೇಲ್ಗಡೆ ದುಂಡಗಿನ ಚೌಕಟ್ಟುಗಳಲ್ಲಿ ದೇವರು, ಗುರುಗಳು, ತೀರಿಕೊಂಡ ಹಿರಿಯರು. ಬಲಗಡೆ ದೊಡ್ಡ ನಾಯಕರು. ನಡುವೆ ಹುಟ್ಟುಹಬ್ಬ ಮಾಡಿಕೊಳ್ಳುವವರು, ಕೈಮುಗಿದು, ತಂಪು ಕನ್ನಡಕ ಹಾಕಿಕೊಂಡು. ಕೆಳಗೆ ಶುಭ ಕೋರುವವರ ಸಾಲು. ಆ ಸಾಲಿನಲ್ಲಿ ಒಬ್ಬರ ತಲೆ ಇನ್ನೊಬ್ಬರದಕ್ಕಿಂತ ಚೂರು ಸಣ್ಣದಾದರೆ ಫೋನ್ ಬರುತ್ತದೆ. "ಯಾಕ್ರಿ ಮೇಡಂ, ನಮ್ಮ ಮುಖಕ್ಕೇನಾಗೇತಿ?" ಎಷ್ಟು ಜನರ ಕೂದಲು ಕಪ್ಪು ಮಾಡಿದ್ದೇನೋ, ಎಷ್ಟು ಜನರ ಹೊಟ್ಟೆ ಒಳಗೆ ಹಾಕಿದ್ದೇನೋ ದೇವರಿಗೇ ಗೊತ್ತು. ಊರಿನ ಅರ್ಧ ದೊಡ್ಡಸ್ತಿಕೆ ನನ್ನ ಬೆರಳ ತುದಿಯಲ್ಲಿ ತಯಾರಾಗಿದೆ.

ಇಷ್ಟೆಲ್ಲ ಮಾಡಿದವಳಿಗೆ ತನ್ನ ಪ್ರಚಾರ ತಾನು ಮಾಡಿಕೊಳ್ಳುವುದು ಬರಲಿಲ್ಲ. ಕಾದಂಬರಿಯ ಒಂದೊಂದೇ ಸಾಲನ್ನು ಸ್ಟೇಟಸ್‌ಗೆ ಹಾಕಿದೆ. ಹಾಕಿದ ಮರುಕ್ಷಣ "ಸೂಪರ್ ಅಕ್ಕ" ಅಂತ ಬಂತು. ಓದುವಷ್ಟು ಹೊತ್ತೂ ಆಗಿರಲಿಲ್ಲ. ಹರಿಹರದ ಹೊಳೆ ದಂಡೆಯಲ್ಲಿ ನಿಂತು ರೀಲ್ ಮಾಡಿದೆವು. ಮೊಬೈಲ್ ಹಿಡಿದ ನನ್ನ ಗಂಡ, "ಸ್ವಲ್ಪ ನಗು ಮಾರಾಯ್ತಿ, ಯಾರೋ ಸತ್ತಂಗ ನಿಂತೀಯಲ್ಲ" ಅಂದ. ನಕ್ಕೆ. ಆ ರೀಲಿಗೆ ಬಂದ ಪ್ರಶ್ನೆ ಒಂದೇ, ಸೀರೆ ಎಲ್ಲಿ ತಗೊಂಡ್ರಿ ಅಂತ.

ಇನ್ನು ಆ ಮೊದಲ ಪುಟದಲ್ಲಿ ಏನಿದೆ ಎಂದು ಹೇಳಿಬಿಡುತ್ತೇನೆ. ಬೇಸಿಗೆ ರಜೆಯ ಮಧ್ಯಾಹ್ನ. ದಾವಣಗೆರೆಯ ಬಟ್ಟೆ ವ್ಯಾಪಾರಿಗಳ ದೊಡ್ಡ ಮನೆ. ಗಂಡಸರು ಉಂಡು ಅಂಗಡಿಗೆ ಹೋಗಿದ್ದಾರೆ, ಹೆಂಗಸರು ಅಡ್ಡಾಗಿದ್ದಾರೆ. ಆ ಮನೆಯ ಸೊಸೆ ಅಟ್ಟದ ಮೇಲಿಂದ ತನ್ನ ಹೊಲಿಗೆ ಮಷೀನು ಇಳಿಸುತ್ತಾಳೆ, ಕೈಯಿಂದ ತಿರುಗಿಸುವ ಚಿಕ್ಕ ಮಷೀನು. ಪಡಸಾಲೆ ದಾಟುವಾಗ ಅದು ಬಾಗಿಲಿಗೆ ತಾಗಿ ಸದ್ದಾಗುತ್ತದೆ. ಚಾಪೆಯ ಮೇಲೆ ಎಂಟು ವರ್ಷದ ಮಗಳು ಕಣ್ಣು ಮುಚ್ಚಿ ಮಲಗಿದ್ದಾಳೆ, ಆದರೆ ಎಚ್ಚರ ಇದ್ದಾಳೆ. ತಾಯಿ ಒಂದು ಗಳಿಗೆ ನಿಂತು ನೋಡುತ್ತಾಳೆ. ಆಮೇಲೆ ಮಷೀನು ಸೊಂಟಕ್ಕೆ ಇಟ್ಟುಕೊಂಡು ಹೊರಟು ಹರಿಹರದ ಬಸ್ಸು ಹತ್ತುತ್ತಾಳೆ.

ಇದು ನಮ್ಮವ್ವನ ಕಥೆ. ಚಾಪೆಯ ಮೇಲಿದ್ದವಳು ನಾನು. ನಮ್ಮಪ್ಪ ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ದಿನಾ ವಿಭೂತಿ ಹಚ್ಚಿಕೊಂಡು ಪೂಜೆ ಮಾಡಿಯೇ ಅಂಗಡಿ ಬಾಗಿಲು ತೆಗೆಯುವ ಮನುಷ್ಯ. ಅವ್ವ ಓಣಿಯ ಹೆಂಗಸರಿಗೆ ಜಂಪರ್ ಹೊಲಿದು ಕೊಡುತ್ತಿದ್ದಳು. ಸಾವ್ಕಾರರ ಮನೆಯ ಸೊಸೆ ಮಂದಿಯ ಜಂಪರ್ ಹೊಲಿಯುವುದೇ ಅಂತ ಮನೆಯವರು ಮಷೀನನ್ನು ಅಟ್ಟಕ್ಕೆ ಏರಿಸಿದರು. ಆ ಮನೆಯಲ್ಲಿ ಅವಳದು ಅಂತ ಇದ್ದದ್ದು ಅದೊಂದೇ. ಅವ್ವ ಹರಿಹರದ ಹತ್ತಿರದ ಭಾನುವಳ್ಳಿಯಲ್ಲಿದ್ದ ತನ್ನ ಸೋದರತ್ತೆಯ ಮನೆ ಸೇರಿ ಹೊಲಿಯುತ್ತಾ ಬದುಕಿದಳು. ನನ್ನನ್ನು ಅಪ್ಪನ ಮನೆಯಲ್ಲೇ ಅಜ್ಜಿ ಸಾಕಿದಳು. ಕಾಲೇಜು ಸೇರಿದ ಮೇಲೆ ಒಂದು ದಿನ ನಾನೇ ಬಸ್ಸು ಹತ್ತಿ ಭಾನುವಳ್ಳಿಗೆ ಹೋದೆ. ಅವ್ವ ಬಾಗಿಲಲ್ಲಿ ನನ್ನನ್ನು ನೋಡಿ ಕೇಳಿದ್ದು, "ಉಂಡಿಯೇನು?" ಅಂತ. ಅಲ್ಲಿಂದ ಇಲ್ಲಿಯವರೆಗೆ ನಾವಿಬ್ಬರೂ ಲೋಕದ ಮಾತೆಲ್ಲ ಆಡಿದ್ದೇವೆ. ಆ ಮಧ್ಯಾಹ್ನದ ಮಾತು ಮಾತ್ರ ಆಡಿರಲಿಲ್ಲ. ಅದಕ್ಕೇ ಕಾದಂಬರಿ ಬರೆದೆ.

ಬೆಂಗಳೂರಿನ ಪ್ರಕಾಶಕರೊಬ್ಬರಿಗೆ ಕಳಿಸಿದೆ. ನಮ್ಮ ಅಂಗಡಿಯ ಹಳೆಯ ಫಾಂಟಿನ ಅಕ್ಷರಗಳು ಅವರ ಕಂಪ್ಯೂಟರಿನಲ್ಲಿ ಇರುವೆ ಸಾಲಿನಂತೆ ಕಾಣಿಸಿದವಂತೆ. ಯೂನಿಕೋಡ್ ಮಾಡಿ ಕಳಿಸಿ ಅಂದರು. ವಾರಗಟ್ಟಲೆ ಕೂತು ಒತ್ತಕ್ಷರ ಒತ್ತಕ್ಷರ ತಿದ್ದಿ ಮತ್ತೆ ಕಳಿಸಿದೆ. ಕೊನೆಗೆ ಫೋನ್ ಬಂತು.

"ಬರವಣಿಗೆ ಚೆನ್ನಾಗಿದೆ ಮೇಡಂ. ಆದರೆ ಮಗುವನ್ನು ಬಿಟ್ಟು ಹೋಗ್ತಾಳಲ್ಲ, ಅಲ್ಲೇ ಓದುಗರಿಗೆ ಅವಳ ಮೇಲಿನ ಪ್ರೀತಿ ಹೋಗುತ್ತೆ. ಮಗುವನ್ನೂ ಕರ್ಕೊಂಡು ಹೋಗಲಿ. ಒಂದು ಪುಟ ಬದಲಾಯಿಸಿ ಕೊಡಿ, ತಕ್ಷಣ ಅಚ್ಚಿಗೆ ಹಾಕ್ತೀನಿ."

"ಆಗಲ್ಲ ಸರ್."

"ಯೋಚನೆ ಮಾಡಿ ಹೇಳಿ."

"ಮಾಡಿಯೇ ಬರೆದಿದ್ದು ಸರ್."

ಫೋನ್ ಇಟ್ಟ ಮೇಲೆ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಪುಸ್ತಕದ ಬೆನ್ನ ಮೇಲೆ ನನ್ನ ಹೆಸರು ನೋಡಬೇಕು ಅಂತ ಎಷ್ಟು ಆಸೆ ಇತ್ತು ಅಂದರೆ, ಬಿಡುವಿದ್ದಾಗಲೆಲ್ಲ ಮುಖಪುಟ ಡಿಸೈನ್ ಮಾಡಿ ಮಾಡಿ ಅಳಿಸುತ್ತಿದ್ದೆ.

ನಮ್ಮ ಅಂಗಡಿಯ ಮಾಲೀಕ ನನಗಿಂತ ಚಿಕ್ಕವನು, ನನ್ನನ್ನು ಅಕ್ಕಾ ಅನ್ನುತ್ತಾನೆ, ಅವನನ್ನು ರೇಗಿಸಲು ನಾನು ಸಾವ್ಕಾರ್ರೇ ಅನ್ನುತ್ತೇನೆ. ನನ್ನ ಮುಖ ನೋಡಲಾಗದೆ ಅವನು ಒಬ್ಬ ಮುಖಂಡರ ಹತ್ತಿರ ಮಾತಾಡಿದ. ಅವರ ಹುಟ್ಟುಹಬ್ಬದ ಫ್ಲೆಕ್ಸುಗಳೆಲ್ಲ ನಮ್ಮಲ್ಲೇ ಆಗುವುದು. ಪುಸ್ತಕ ತಾವೇ ಮಾಡಿಸುತ್ತೇವೆ, ದೊಡ್ಡ ಸಮಾರಂಭ ಇಟ್ಟು ಬಿಡುಗಡೆಯೂ ಮಾಡಿಸುತ್ತೇವೆ, ಹಿಂದಿನ ರಕ್ಷಾಪುಟದಲ್ಲಿ ತಮ್ಮ ಫೋಟೋ ಇರಲಿ ಅಂದರು. ಹಲ್ಲು ಕಚ್ಚಿಕೊಂಡು ಅದಕ್ಕೂ ಒಪ್ಪುತ್ತಿದ್ದೆನೇನೋ. ಅಷ್ಟರಲ್ಲಿ ಕಥೆ ಏನೆಂದು ಕೇಳಿದರು. ಹೇಳಿದೆ.

"ಏನ್ ತಂಗಿ, ತಾಯಿ ಅಂದ್ರ ದೇವ್ರು. ಮಗೀನ ಬಿಟ್ಟು ಹೋಗೋದಾ? ಮಂದಿ ತಪ್ಪು ತಿಳ್ಕೊಂತಾರ. ಆ ಮಗೀನೂ ಬಸ್ ಹತ್ಸಿಬಿಡ್ರಿ."

"ಸಾಹೇಬ್ರೇ, ನಿಮ್ಮನ್ನ ಎಲ್ಲಿ ಬೇಕಾದ್ರೂ ನಿಲ್ಲಿಸ್ತೀನಿ. ಆ ಮಗೀನ ಮಾತ್ರ ಬಸ್ ಹತ್ಸಲ್ಲ" ಅಂದೆ. ಅವರು ನಕ್ಕರು. ಪುಸ್ತಕದ ಸುದ್ದಿ ಆಮೇಲೆ ಎತ್ತಲಿಲ್ಲ.

ಎಲ್ಲರಿಗೂ ಆ ಮಗುವನ್ನು ಬಸ್ಸು ಹತ್ತಿಸುವ ಅವಸರ ಯಾಕೆ? ಮನೆ ಬಿಟ್ಟು ಹೋದ ಗಂಡಸರಿಗೆ ನಾವು ಮಠ ಕಟ್ಟಿಸಿ ಕೊಟ್ಟಿದ್ದೇವೆ, ಅವರು ಬಿಟ್ಟು ಹೋದ ಮಕ್ಕಳ ಲೆಕ್ಕ ಯಾರೂ ಕೇಳಿಲ್ಲ. ಒಬ್ಬ ಹೆಂಗಸು ತನ್ನ ಮಷೀನು ಎತ್ತಿಕೊಂಡು ಹೋದರೆ ಮಾತ್ರ ಅವಳ ಸೊಂಟಕ್ಕೆ ಒಂದು ಮಗು ಕಟ್ಟದೆ ಯಾರಿಗೂ ನಿದ್ದೆ ಬರುವುದಿಲ್ಲ. ಬಿಟ್ಟು ಹೋಗಿಸಿಕೊಂಡವಳು ನಾನು. ನನಗೇ ತಕರಾರಿಲ್ಲದ ಮೇಲೆ ಇವರದೇನು?

ಮರುದಿನ ಬೆಳಿಗ್ಗೆ ಅಂಗಡಿಗೆ ಬಂದವಳೇ ಮೊದಲ ಪುಟದ ಫೈಲ್ ತೆರೆದೆ. ಅಳತೆ ಹೇಗೂ ಸರಿಯಾಗಿಯೇ ಇತ್ತು. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ. ಕೆಳಗೆ ಕಾದಂಬರಿಯ ಹೆಸರು, ನನ್ನ ಹೆಸರು, ನನ್ನ ಫೋನ್ ನಂಬರ್. ಅದರ ಕೆಳಗೆ "ಈ ಪುಸ್ತಕ ಇನ್ನೂ ಅಚ್ಚಾಗಿಲ್ಲ" ಅಂತ ಒಂದು ಸಾಲು.

ಮಾಲೀಕ ಹಿಂದೆ ಬಂದು ನಿಂತು ನೋಡಿದ.

"ಅಕ್ಕಾ, ಮುಖ ಎಲ್ಲೈತೆ?"

"ಮುಖ ಇಲ್ಲ."

"ಶುಭ ಕೋರುವವರು?"

"ಯಾರೂ ಕೋರಿಲ್ಲ ಸಾವ್ಕಾರ್ರೇ."

"ಬರೇ ಅಕ್ಷರ ಹಾಕಿದ್ರೆ ಯಾರು ನೋಡ್ತಾರೆ? ನಿಂದಾದ್ರೂ ಒಂದು ಫೋಟೋ ಹಾಕು."

"ನೋಡೋರು ಬ್ಯಾಡ. ಓದೋರು ಬೇಕು."

ಅವನು ತಲೆ ಕೆರೆದುಕೊಂಡು ಪ್ರಿಂಟಿಂಗ್ ಮಷೀನು ಚಾಲೂ ಮಾಡಿದ. ನನ್ನ ಪುಟ ಇಂಚಿಂಚೇ ಹೊರಗೆ ಬರುವುದನ್ನು ನಿಂತು ನೋಡಿದೆ. ನನಗೆ ಅಳು ಬಂತು. ಶಾಯಿ ವಾಸನೆಗೆ ಕಣ್ಣು ಉರಿಯುತ್ತೆ ಅಂದೆ, ಅವನೂ ಹೌದು ಹೌದು ಅಂದ.

ಹರಿಹರದ ಬಸ್ ನಿಲ್ದಾಣದ ಎದುರಿಗೆ ಒಂದು ಟೀ ಅಂಗಡಿ ಇದೆ. ಅದರ ಪಕ್ಕದ ಚೌಕಟ್ಟಿನಲ್ಲಿ ಯಾರದೋ ಮುಗಿದುಹೋದ ಹುಟ್ಟುಹಬ್ಬ ಇನ್ನೂ ಕೈಮುಗಿದು ನಿಂತಿತ್ತು. ಟೀ ಅಂಗಡಿಯವರು ಆ ಜಾಗ ನನಗೆ ಕೊಟ್ಟರು. ನನ್ನ ಗಂಡ ಏಣಿ ಹತ್ತಿ ಕಟ್ಟಿದ.

ಸಂಜೆ ಬಸ್ಸಿಳಿದು ಟೀ ಹಿಡಿದು ದೂರ ನಿಲ್ಲುವುದು ರೂಢಿಯಾಯಿತು. ಮೊದಲು ಜನ ಮುಖ ಹುಡುಕುತ್ತಿದ್ದರು. ಸಿಗದಿದ್ದಾಗ ಯಾರಾದರೂ ಸತ್ತರೇನೋ ಅಂತ ಹತ್ತಿರ ಬರುತ್ತಿದ್ದರು. ಬಂದವರು ಓದುತ್ತಿದ್ದರು, ಬಸ್ಸು ಕಾಯುವವರಿಗೆ ಬೇರೆ ಕೆಲಸ ಏನಿದೆ? ಒಂದು ದಿನ ಇಬ್ಬರು ಹೆಂಗಸರು ಅದರ ಕೆಳಗೇ ಜಗಳಕ್ಕೆ ನಿಂತರು.

"ಎಂಥ ಕಲ್ಲು ಮನಸ್ಸಿನಾಕಿ, ಹೆತ್ತ ಮಗೀನ ಬಿಟ್ಟು ಹೆಂಗ ಹೋದ್ಲು?"

"ಕರ್ಕೊಂಡು ಹೋಗಾಕ ಆ ಮನಿಯಾರು ಬಿಡ್ತಿದ್ರೇನು? ಹಿಂದೇ ಬಂದು ಇಬ್ಬರನ್ನೂ ಎಳ್ಕೊಂಡು ಹೋಗ್ತಿದ್ರು."

ನನ್ನ ಟೀ ಆರಿ ತಣ್ಣಗಾಯಿತು. ಅಂಥ ಖುಷಿ ನನಗೆ ಯಾವ "ಸೂಪರ್ ಅಕ್ಕ"ದಿಂದಲೂ ಸಿಕ್ಕಿರಲಿಲ್ಲ. ಬೈಯುವ ಫೋನುಗಳೂ ಬಂದವು. ಒಬ್ಬ, ನಿನಗೆ ಮಕ್ಕಳಿಲ್ಲೇನು ಅಂತ ಕೇಳಿದ. "ಮಗಳಿದಾಳೆ. ಆಕಿಗೂ ಓದಿಸೀನಿ" ಅಂದೆ. ತೆಗೆಸಿ ಅಂತ ನಾಲ್ಕು ಜನ ಹೇಳಿದರೆಂದು ಟೀ ಅಂಗಡಿಯವರು ಹೇಳಿದಾಗ, "ನೀವು ತೆಗೀಬ್ಯಾಡ್ರಿ, ಅವರನ್ನ ನನ್ನ ಹತ್ರ ಕಳಿಸ್ರಿ" ಅಂದೆ. ಯಾರೂ ಬರಲಿಲ್ಲ.

ಬಂದವಳು ಅವ್ವ. ಆವತ್ತು ಭಾನುವಾರ. ನಾನು ತರಕಾರಿಗೆಂದು ಪೇಟೆಗೆ ಬಂದಿದ್ದೆ. ಚೌಕಟ್ಟಿನ ಎದುರು ನಿಂತ ಬೆನ್ನು ನೋಡಿ ಗುರುತು ಹಿಡಿದೆ. ದಾರದ ಉಂಡೆ, ಅಸ್ತರಿನ ಬಟ್ಟೆ ಕೊಳ್ಳಲು ಅವಳು ಹರಿಹರಕ್ಕೆ ಬರುತ್ತಿರುತ್ತಾಳೆ. ನಾನೇನೋ ಬರೆಯುತ್ತಿದ್ದೇನೆ ಅಂತ ಅವಳಿಗೆ ಗೊತ್ತಿತ್ತು, ಏನು ಅಂತ ಗೊತ್ತಿರಲಿಲ್ಲ. ಪುಸ್ತಕವಾದ ಮೇಲೆ ಕೈಯಲ್ಲಿಡೋಣ ಅಂದುಕೊಂಡಿದ್ದೆ. ಫ್ಲೆಕ್ಸ್ ಕಟ್ಟಿಸುವಾಗ ಭಾನುವಳ್ಳಿ ಬಸ್ಸೂ ಅದರ ಎದುರಿಗೇ ನಿಲ್ಲುತ್ತದೆ ಅನ್ನುವುದು ನನಗೆ ಹೊಳೆಯಲೇ ಇಲ್ಲ. ಇಷ್ಟು ಬುದ್ಧಿವಂತೆ ನಾನು.

ಅವಳು ತುಟಿ ಆಡಿಸುತ್ತಾ ನಿಧಾನಕ್ಕೆ ಓದುತ್ತಿದ್ದಳು. ಮುಗಿಯುವವರೆಗೆ ಪಕ್ಕದಲ್ಲಿ ಸುಮ್ಮನೆ ನಿಂತೆ. ಅವಳು ನನ್ನ ಕಡೆ ತಿರುಗಲಿಲ್ಲ.

"ಅವತ್ತು ನೀನು ಮಲಗಿದ್ದಿ" ಅಂದಳು.

"ಇಲ್ಲವ್ವ."

"ಮಲಗಿದ್ದಿ. ನೋಡೇ ಹೋಗೀನಿ ನಾನು."

ಅವಳು ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ತೆಗೆದುಕೊಂಡಳು.

"ಬಿಟ್ಟು ಹೋದ್ಲು ಅಂತನೇ ಬರಿ, ಮಂದಿ ಏನರ ಅನ್ಲಿ. ಆ ಹುಡುಗೀನ ಮಾತ್ರ ಮಲಗಿಸಿಬಿಡವ್ವ. ಒಂದು ಸಾಲು ತಾನೆ? ಮಗು ನಿದ್ದ್ಯಾಗಿತ್ತು ಅಂತ ಇಷ್ಟು ವರ್ಷ ಅದೊಂದನ್ನೇ ಹಿಡ್ಕೊಂಡು ಬದುಕೀನಿ."

ಪ್ರಕಾಶಕರಿಗೆ ಇಲ್ಲ ಅನ್ನಲು ನನಗೆ ಕಷ್ಟವಾಗಿರಲಿಲ್ಲ. ಮುಖಂಡರಿಗೆ ಅನ್ನುವುದಂತೂ ಖುಷಿಯೇ ಆಗಿತ್ತು. ಈಗ ಕೇಳಿದವಳು ಅವ್ವ. ಆ ಪುಟ ತಿದ್ದು ಅಂತ ಕೇಳುವ ಹಕ್ಕು ಈ ಭೂಮಿಯ ಮೇಲೆ ಯಾರಿಗಾದರೂ ಇದ್ದರೆ ಅದು ಅವಳಿಗೆ. ಅವಳು ಕೇಳಿದ್ದೂ ಎಷ್ಟು ಚಿಕ್ಕದು. ಅವಳನ್ನು ತಬ್ಬಿಕೊಂಡು ಆಯ್ತವ್ವ ಅನ್ನಬೇಕು ಅನ್ನಿಸಿತು, ಅಷ್ಟು ಪ್ರೀತಿ ಉಕ್ಕಿತು. ಆದರೆ ಹಾಗಂದರೆ ಚಾಪೆಯ ಮೇಲಿದ್ದವಳಿಗೆ ಮೋಸವಾಗುತ್ತಿತ್ತು. ಅವಳೂ ಆ ಮಧ್ಯಾಹ್ನ ಒಂದು ಕೆಲಸ ಮಾಡಿದ್ದಳು.

"ಆಗಲ್ಲವ್ವ" ಅಂದೆ. "ಎಚ್ಚರ ಇದ್ದೆ. ಮಷೀನು ಬಾಗಿಲಿಗೆ ತಾಗಿದಾಗ ನೀನು ನಿಂತು ನನ್ನ ಕಡೆ ನೋಡ್ದಿ. ನಾನು ಕಣ್ಣು ಬಿಟ್ಟಿದ್ರೆ ನೀನು ಹೋಗ್ತಿರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮುಚ್ಕೊಂಡಿದ್ದೆ."

ಭಾನುವಳ್ಳಿ ಬಸ್ಸು ಬಂದು ನಿಂತಿತು. ಕಂಡಕ್ಟರ್ ಕೂಗಿದ, ಜನ ಹತ್ತಿದರು, ಬಸ್ಸು ಹೋಯಿತು. ಅವ್ವ ಅಲ್ಲೇ ನಿಂತಿದ್ದಳು.

"ಅದನ್ಯಾಕ ಇಲ್ಲಿ ಬರ್ದಿಲ್ಲ?" ಅಂದಳು.

"ಕೊನೇ ಪುಟದಾಗ ಐತೆ."

ಅವ್ವ ಸೆರಗಿನಿಂದ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡಳು. ಚೌಕಟ್ಟನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಅದನ್ನೂ ತಂದು ಇಲ್ಲೇ ಹಾಕ್ಸು" ಅಂದಳು. "ಇಷ್ಟೇ ದೊಡ್ಡದು."